ಸವೆದ ಸಿಲಿಂಡರಿಗೆ ಹೊಸ ಅಳತೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಿಕ್ಷಣ ಸಂಘದ ಸಭೆಯಲ್ಲಿ ಪರೀಕ್ಷೆ, ಅಂಕ, ವಿದ್ಯಾರ್ಥಿವೇತನಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಲೇತ್ ಮತ್ತು ಗ್ಯಾರೇಜಿನ ನಡುವೆ ಬದುಕಿದವನು. ಆದ್ದರಿಂದ ನನಗೆ ಗೊತ್ತಿರುವ ಒಂದು ಕೆಲಸದ ವಿಷಯವನ್ನೇ ತಮ್ಮ ಮುಂದಿಡುತ್ತೇನೆ. ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಕೂರಿಸುವ ಕೆಲಸ ಅದು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಬ್ಲಾಕ್ ರೀಬೋರಿಂಗ್. ನಮ್ಮ ಸಮಾಜದ ಅನೇಕ ಹುಡುಗರು ಈ ಕಸುಬಿಗೆ ಹೋಗುತ್ತಾರೆ. ಶಾಲೆ ಬಿಟ್ಟು ಹೋಗುವವರೂ ಇದ್ದಾರೆ. ಅವರಿಗೆ ಶಾಲೆಯ ಗಣಿತ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

ಚನ್ನರಾಯನದುರ್ಗದ ಸೀಮೆಯಲ್ಲಿ, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ‘ಬೋರ್’ ಎಂದರೆ ಎಲ್ಲರಿಗೂ ನೆನಪಾಗುವುದು ಕೊಳವೆ ಬಾವಿ. ಇಂಜಿನ್ನಿನ ಬೋರ್ ಕೂಡ ಕೊಳವೆಯೇ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಕೊಳವೆಯ ಅಡ್ಡಳತೆಗೆ ಬೋರ್ ಎಂದೂ, ಪಿಸ್ಟನ್ ಓಡುವ ದೂರಕ್ಕೆ ಸ್ಟ್ರೋಕ್ ಎಂದೂ ಹೆಸರು. ಬೋರಿನ ಅರ್ಧವನ್ನು ವರ್ಗ ಮಾಡಿ, ಪೈಯಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿದರೆ ಸಿ.ಸಿ. ಬರುತ್ತದೆ. ಹೈಸ್ಕೂಲಿನ ಮಕ್ಕಳು ಕಲಿಯುವ ಸಿಲಿಂಡರಿನ ಘನಫಲದ ಸೂತ್ರ ಇದೇ.

ಪಿಸ್ಟನ್ನಿಗೂ ಕೊಳವೆಗೂ ನಡುವೆ ಸಂದು ಬಿಡದಂತೆ ಮಾಡುವುದು ಬಹಳ ಹಳೆಯ ಸವಾಲು. 1206ರಲ್ಲಿ ತನ್ನ ಯಂತ್ರಗಳ ಗ್ರಂಥವನ್ನು ಮುಗಿಸಿದ ಅಲ್ ಜಝರಿ, ಎರಡು ತಾಮ್ರದ ಸಿಲಿಂಡರುಗಳಲ್ಲಿ ಪಿಸ್ಟನ್ ಓಡಿಸಿ ನೀರೆತ್ತುವ ಪಂಪನ್ನು ಅದರಲ್ಲಿ ವಿವರಿಸಿದ್ದಾನೆ. ಜೇಮ್ಸ್ ವಾಟ್ 1769ರಲ್ಲಿ ಉಗಿ ಯಂತ್ರಕ್ಕೆ ಪೇಟೆಂಟ್ ಪಡೆದರೂ ಸಿಲಿಂಡರ್ ಸರಿಯಾಗಿ ದುಂಡಗಿಲ್ಲದೆ ಉಗಿ ಸೋರಿಹೋಗುತ್ತಿತ್ತು. ಫಿರಂಗಿ ಕೊರೆಯುವ ಯಂತ್ರಕ್ಕೆ 1774ರಲ್ಲಿ ಪೇಟೆಂಟ್ ಪಡೆದಿದ್ದ ಜಾನ್ ವಿಲ್ಕಿನ್ಸನ್, ಎರಡೂ ತುದಿಗೆ ಆಧಾರವಿರುವ ಬೋರಿಂಗ್ ಬಾರಿನಿಂದ ಸಿಲಿಂಡರ್ ಕೊರೆದುಕೊಟ್ಟ ಮೇಲೆ ವಾಟನ ಯಂತ್ರ ಗೆದ್ದಿತು. ಯೋಚನೆ ಒಬ್ಬರದು, ಅದನ್ನು ನಡೆಸಿಕೊಟ್ಟದ್ದು ಇನ್ನೊಬ್ಬರ ನಿಖರವಾದ ಕೈಕೆಲಸ.

ಈಗ ನಮ್ಮ ವಾಹನಗಳಿಗೆ ಬರೋಣ. ನೀರಿಲ್ಲದೆ ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ನಿನ ಕಾರುಗಳು ಹೊರದೇಶಗಳಲ್ಲಿ ಲಕ್ಷಗಟ್ಟಲೆ ಓಡಿದವು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಇಟಲಿಯ ಫಿಯೆಟ್ 500, ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಇಂಥವು. ನಮ್ಮಲ್ಲಿ ಅವು ಅಪರೂಪ. ಆದರೆ ಗಾಳಿಯಿಂದ ತಣಿಯುವ ಇಂಜಿನ್ ನಮಗೆ ಹೊಸದಲ್ಲ. ಬುಲೆಟ್, ಬಜಾಜ್ ಸ್ಕೂಟರ್, ಹಳೆಯ ಆಟೋ ಎಲ್ಲವೂ ಅದೇ ಜಾತಿ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮೈಸೂರಿನ ಜಾವಾ, ಯೆಜ್ಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮರಳಿ ಬಂದವು. ಆದರೆ ಆ ಹೊಸ ಇಂಜಿನ್‌ಗಳು ದ್ರವದಿಂದ ತಣಿಯುವ ಫೋರ್ ಸ್ಟ್ರೋಕ್. ಹಳೆಯ ಬ್ಲಾಕ್ ಮೂಲ ಕಾರ್ಖಾನೆಯಿಂದ ಇನ್ನು ಬರುವುದಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲೆ ಬಂದು ನಿಂತು ತಿರುಗುವ ಜಾಗದಲ್ಲಿ, ಮೊದಲ ರಿಂಗ್ ತಲುಪುವ ಎತ್ತರದಲ್ಲಿ ಸವೆತ ಹೆಚ್ಚು. ಅಲ್ಲಿ ಶಾಖ ಹೆಚ್ಚು, ಎಣ್ಣೆಯ ಪದರ ತೆಳು, ಉರಿದ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕ ಇನ್ನೂ ಹೆಚ್ಚು ತಿನ್ನುತ್ತದೆ. ಹೀಗೆ ಕೊಳವೆ ಮೇಲೆ ಅಗಲ, ಕೆಳಗೆ ಕಿರಿದಾಗುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ನಮ್ಮ ಬಯಲುಸೀಮೆಯ ಧೂಳು ಇದಕ್ಕೆ ಸೇರಿಕೊಂಡರೆ ಕೇಳುವುದೇ ಬೇಡ. ಏರ್ ಫಿಲ್ಟರ್ ಕಿತ್ತೆಸೆದು ಓಡಿಸುವವನು ಸಿಲಿಂಡರಿಗೆ ಮರಳು ಕಾಗದ ಹಾಕಿ ಉಜ್ಜಿದಂತೆಯೇ. ಗಾಳಿಗೆ ತಣಿಯುವ ಬ್ಲಾಕಿನ ಮೈಮೇಲಿನ ರೆಕ್ಕೆಗಳಲ್ಲಿ ಮಣ್ಣು, ಗ್ರೀಸು ತುಂಬಿದರೆ ಶಾಖ ಹೊರಗೆ ಹೋಗದೆ ಸವೆತ ಇನ್ನೂ ಬೇಗ.

ಆಗ ಕಿಕ್ ಹೊಡೆದರೆ ಕಾಲಿಗೆ ಭಾರ ಸಿಗುವುದಿಲ್ಲ, ಪಿಕಪ್ ಇರುವುದಿಲ್ಲ, ಪಿಸ್ಟನ್ ಟಕಟಕ ಬಡಿಯುತ್ತದೆ. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಇಂಜಿನ್ ನೀಲಿ ಹೊಗೆ ಬಿಡುತ್ತದೆ. ಬರೀ ಹೊಸ ರಿಂಗ್ ಹಾಕಿ ಕಳಿಸಿದರೆ ಕೆಲವು ದಿನ ಸುಧಾರಿಸಿದಂತೆ ಕಾಣುತ್ತದೆ. ಆದರೆ ಮೊಟ್ಟೆಯಾಕಾರದ ಕೊಳವೆಗೆ ದುಂಡನೆಯ ರಿಂಗ್ ಕೂರುವುದಾದರೂ ಹೇಗೆ?

ಆದ್ದರಿಂದ ಕೊರೆಯುವ ಮೊದಲು ಅಳೆಯಬೇಕು. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಒಂದೊಂದು ಎತ್ತರದಲ್ಲೂ ಎರಡು ದಿಕ್ಕುಗಳಲ್ಲಿ, ಒಟ್ಟು ಆರು ಅಳತೆ ತೆಗೆದು ಬರೆದಿಡಬೇಕು. ಬೋರ್ ಗೇಜ್ ಇಲ್ಲದವನಿಗೂ ಒಂದು ಉಪಾಯವಿದೆ. ಒಂದು ರಿಂಗನ್ನು ಸಿಲಿಂಡರಿನ ಕೆಳಗಿನ ಸವೆಯದ ಭಾಗದಲ್ಲಿ ನೇರವಾಗಿ ಕೂರಿಸಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಬಳಿಕ ಅದೇ ರಿಂಗನ್ನು ಮೇಲೆ ಕೂರಿಸಿ ಅಳೆಯಿರಿ. ಕೆಳಗೆ 0.30 ಮಿ.ಮೀ., ಮೇಲೆ 0.80 ಮಿ.ಮೀ. ಬಂತೆನ್ನಿ. ವ್ಯತ್ಯಾಸ 0.50. ಅದು ಸುತ್ತಳತೆಯಲ್ಲಿ ಆದ ಹೆಚ್ಚಳ. 3.14ರಿಂದ ಭಾಗಿಸಿದರೆ ಅಡ್ಡಳತೆಯ ಸವೆತ ಸುಮಾರು 0.16 ಮಿ.ಮೀ. ಪೈ ಯಾಕೆ ಕಲಿಯಬೇಕು ಎಂದು ಕೇಳುವ ಹುಡುಗನಿಗೆ ಇದೇ ಉತ್ತರ. ಆದರೆ ಸವೆತ ಯಾವ ಪಕ್ಕದಲ್ಲಿದೆ ಎಂಬುದನ್ನು ಈ ಉಪಾಯ ಹೇಳುವುದಿಲ್ಲ. ಅದಕ್ಕೆ ಬೋರ್ ಗೇಜೇ ಬೇಕು.

ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಬರುತ್ತವೆ: 0.25, 0.50, 0.75, 1.00. ಹಳೆಯ ಟರ್ನರುಗಳ ಲೆಕ್ಕದಲ್ಲಿ 10, 20, 30, 40 ಥೌ. ಒಂದು ಸಿಲಿಂಡರಿನಲ್ಲಿ ಸವೆತ 0.18 ಮಿ.ಮೀ. ಎಂದುಕೊಳ್ಳಿ. 0.25 ಸಾಕು ಎಂದು ಮನಸ್ಸು ಹೇಳುತ್ತದೆ. ಆದರೆ ಆ ಸವೆತವೆಲ್ಲ ಒಂದೇ ಪಕ್ಕದಲ್ಲಿದ್ದರೆ? 0.25 ಕೊರೆದಾಗ ಒಂದೊಂದು ಪಕ್ಕದಿಂದ ಹೋಗುವುದು 0.125 ಮಾತ್ರ. 0.18ರ ತಗ್ಗು ಹಾಗೇ ಉಳಿಯುತ್ತದೆ. ಅಲ್ಲಿ 0.50ಕ್ಕೇ ಹೋಗಬೇಕು. ಇದು ಊಹೆಯಿಂದ ತಿಳಿಯುವ ಮಾತಲ್ಲ.

ಎರಡನೆಯ ನಿಯಮ: ಮೊದಲು ಪಿಸ್ಟನ್ ತರಬೇಕು, ಆಮೇಲೆ ಕೊರೆಯಬೇಕು. ಪಿಸ್ಟನ್ ಪೂರ್ತಿ ದುಂಡಗಿರುವುದಿಲ್ಲ, ಮೇಲಿಂದ ಕೆಳಕ್ಕೆ ಒಂದೇ ಅಳತೆಯೂ ಇರುವುದಿಲ್ಲ. ಅದರ ಸ್ಕರ್ಟನ್ನು ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರಿನಿಂದ ಅಳೆದು, ವಾಹನದ ಕೈಪಿಡಿ ಹೇಳಿದಷ್ಟು ಸಡಿಲ ಸೇರಿಸಿ ಬೋರಿನ ಅಳತೆ ಗೊತ್ತುಮಾಡಬೇಕು. ಈ ಸಡಿಲ ಯಾಕೆ ಬೇಕು? ಅಲ್ಯೂಮಿನಿಯಂ ಬಿಸಿಯಾದಾಗ ಬೀಡು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 65 ಮಿ.ಮೀ. ಅಗಲದ ಕಬ್ಬಿಣ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ಈ ಕೂದಲೆಳೆಯ ವ್ಯತ್ಯಾಸಕ್ಕೆ ಜಾಗ ಬಿಡದಿದ್ದರೆ ದಾರಿಯಲ್ಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಅಂದರೆ ಇಂಜಿನ್ ಸೀಜ್. ಹೆಚ್ಚು ಬಿಟ್ಟರೆ ಮತ್ತೆ ಅದೇ ಬಡಿತ.

ಕೊರೆಯುವಾಗ ಬ್ಲಾಕಿನ ಕೆಳಗಿನ ಫ್ಲ್ಯಾಂಜನ್ನು ಆಧಾರವಾಗಿಟ್ಟು ನೇರ ನೋಡಬೇಕು. ಚಕ್ಕಿನಲ್ಲಿ ಬಿಗಿಯಾಗಿ ಹಿಡಿದರೆ ತೆಳು ಗೋಡೆ ಒತ್ತಿಹೋಗಿ, ಬಿಚ್ಚಿದ ಮೇಲೆ ಆಕಾರ ಬದಲಾಗುತ್ತದೆ. ಕೊನೆಯ ಮೂರು ನಾಲ್ಕು ನೂರನೇ ಭಾಗವನ್ನು ಹೋನಿಂಗಿಗೆ ಬಿಡಬೇಕು. ಹೋನಿಂಗ್ ಕಲ್ಲು ಹಾಕುವ ಅಡ್ಡಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ. ಯೆಜ್ಡಿಯಂಥ ಟೂ ಸ್ಟ್ರೋಕ್ ಬ್ಲಾಕಿನಲ್ಲಿ ಗೋಡೆಯ ಕಿಟಕಿಗಳ, ಅಂದರೆ ಪೋರ್ಟ್‌ಗಳ, ಅಂಚನ್ನು ಸವರಿ ನಯ ಮಾಡದಿದ್ದರೆ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ. ಕೊನೆಗೆ ಬಿಸಿ ಸೋಪಿನ ನೀರಿನಲ್ಲಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಉಳಿಯುವ ತನಕ ತೊಳೆದು ಕೂಡಲೇ ಎಣ್ಣೆ ಸವರಬೇಕು. ಉಳಿದ ಕಲ್ಲಿನ ಪುಡಿ ಹೊಸ ಕೆಲಸವನ್ನು ತಿಂದುಹಾಕುತ್ತದೆ. ಆಮೇಲೆ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ ಹೊಂದಿಸಬೇಕು.

ದೊಡ್ಡ ಪಿಸ್ಟನ್ ಹಾಕಿದರೆ ಗಾಡಿಗೆ ಹೆಚ್ಚು ಶಕ್ತಿ ಬರುತ್ತದೆ ಎಂಬ ಆಸೆ ಯುವಕರಿಗಿದೆ. ಲೆಕ್ಕ ಹಾಕಿ ನೋಡೋಣ. 250ರ ಯೆಜ್ಡಿಯ ಬೋರ್ 65, ಸ್ಟ್ರೋಕ್ 75 ಮಿ.ಮೀ.; ಸುಮಾರು 249 ಸಿ.ಸಿ. ಪೂರ್ತಿ 1 ಮಿ.ಮೀ. ಕೊರೆದರೂ 257ರ ಹತ್ತಿರ. ಶೇಕಡ 3ರಷ್ಟು ಲಾಭಕ್ಕೆ ಬ್ಲಾಕಿನ ಆಯುಸ್ಸನ್ನೆಲ್ಲ ಖರ್ಚು ಮಾಡಿದಂತೆ. ಹಳೆಯ ಬುಲೆಟ್ 350ರ ಬೋರ್ 70, ಸ್ಟ್ರೋಕ್ 90. ಅದರ ಲೆಕ್ಕವನ್ನು ವಿದ್ಯಾರ್ಥಿಗಳು ಮನೆಯಲ್ಲಿ ಮಾಡಿ ನೋಡಲಿ.

ಕಾರಿನವರೂ ಇದೇ ಪಾಠ ಕಲಿತರು. ಫಿಯೆಟ್ 500ರ ಬೋರನ್ನು ಕಾರ್ಖಾನೆಯವರೇ 66ರಿಂದ 67.4 ಮಿ.ಮೀ.ಗೆ ಏರಿಸಿ 479 ಸಿ.ಸಿ.ಯನ್ನು 499 ಮಾಡಿದರು. ಅದು ವಿನ್ಯಾಸ ನೋಡಿ ಮಾಡಿದ ಕೆಲಸ. ಬೀಟಲ್ಲಿನಲ್ಲಿ ನಾಲ್ಕು ಸಿಲಿಂಡರುಗಳೂ ಬಿಡಿಬಿಡಿ. ಸವೆದಾಗ ಪಿಸ್ಟನ್ ಸಮೇತ ಹೊಸ ಸೆಟ್ಟನ್ನೇ ಹಾಕುವುದು ವಾಡಿಕೆ. 1600ರ ಇಂಜಿನ್ನಿನ ಬೋರ್ 85.5 ಮಿ.ಮೀ. ಅದೇ ತೂತಿಗೆ ಇಳಿಯುವಂತೆ 88 ಮಿ.ಮೀ.ನ ತೆಳು ಗೋಡೆಯ ಸೆಟ್ಟುಗಳೂ ಮಾರಾಟಕ್ಕೆ ಬಂದವು. ತೆಳು ಗೋಡೆ ಶಾಖಕ್ಕೆ ಸೊಟ್ಟಗಾಗಿ ರಿಂಗ್ ಸೋರುತ್ತದೆಂದು ಅನುಭವಸ್ಥರು ಅವನ್ನು ದೂರವಿಟ್ಟರು. ಇನ್ನು ಒಳಗೋಡೆಗೆ ನಿಕಾಸಿಲ್‌ನಂಥ ಗಟ್ಟಿ ಲೇಪನವಿರುವ ಅಲ್ಯೂಮಿನಿಯಂ ಸಿಲಿಂಡರುಗಳನ್ನು ಹೀಗೆ ಕೊರೆಯುವಂತೆಯೇ ಇಲ್ಲ. ಮರುಲೇಪನ ಮಾಡಿಸಬೇಕು ಅಥವಾ ಬದಲಿಸಬೇಕು.

ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ಹುಡುಗ ತಂದೆಯ ಯೆಜ್ಡಿಯ ಬ್ಲಾಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದಿದ್ದ. ತಂದೆ ಆ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ವ್ಯಾಪಾರ ಮಾಡಿ ಮನೆ ನಡೆಸಿದವರು, ಈಗಿಲ್ಲ. ಎಲ್ಲೋ ಒಂದು ಕಡೆ ಅದನ್ನು ಸ್ಟ್ಯಾಂಡರ್ಡ್ ಅಳತೆಯಿಂದ ನೇರವಾಗಿ 1.00ಕ್ಕೆ ಕೊರೆದಿದ್ದರು. ಕಾರಣ ಕೇಳಿದರೆ, ಅವರ ಬಳಿ ಇದ್ದ ಪಿಸ್ಟನ್ ಅದೊಂದೇ. ಸಡಿಲ ಸಾಲದೆ ಸೀಜ್ ಆಗಿ ಗೋಡೆಯಲ್ಲಿ ಗೀರು ಬಿದ್ದಿತ್ತು. ಮೂರು ಮೆಟ್ಟಿಲುಗಳ ಆಯುಸ್ಸು ಒಂದೇ ದಿನದಲ್ಲಿ ಮುಗಿದುಹೋಗಿತ್ತು. ಇನ್ನು ಉಳಿದದ್ದು ಸ್ಲೀವ್ ಮಾತ್ರ: ಇನ್ನಷ್ಟು ಕೊರೆದು, ಬೀಡು ಕಬ್ಬಿಣದ ಹೊಸ ಕೊಳವೆಯನ್ನು ಬಿಗಿಯಾಗಿ ಇಳಿಸಿ, ಅದರಲ್ಲಿ ಪೋರ್ಟುಗಳನ್ನು ಬಿಡಿಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರುವುದು. ದುಬಾರಿ ಕೆಲಸ. ಆದರೂ ಮಾಡಿಸಿದ. ಕೊರೆದ ಲೋಹವನ್ನು ಮರಳಿ ಅಂಟಿಸಲು ಯಾವ ಉಸ್ತಾದನಿಗೂ ಆಗುವುದಿಲ್ಲ. ಆದ್ದರಿಂದ ಗೀರು ಹೋಗುವಷ್ಟು, ದುಂಡಾಗುವಷ್ಟು ಮಾತ್ರ ತೆಗೆಯಬೇಕು. ಇಡೀ ಕಸುಬಿನ ಸಾರ ಇಷ್ಟೇ.

ಬಂಧುಗಳೇ, ಆ ಬ್ಲಾಕ್ ಕೊರೆದವನಿಗೆ ಕೈಚಳಕವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಇಲ್ಲದಿದ್ದದ್ದು ಅಳತೆ ಮತ್ತು ಬರಹ. ನಮ್ಮ ಗ್ಯಾರೇಜುಗಳ ಹುಡುಗರು ಹತ್ತು ಹನ್ನೆರಡು ವರ್ಷಗಳಲ್ಲಿ ಶಬ್ದ ಕೇಳಿಯೇ ರೋಗ ಹೇಳುವಷ್ಟು ಜಾಣರಾಗುತ್ತಾರೆ. ಆದರೆ ದಶಮಾಂಶ ಓದಲು ಬಾರದಿದ್ದರೆ ಮೈಕ್ರೋಮೀಟರ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಬ್ಯಾಟರಿ ವಾಹನಗಳು ಬರುತ್ತಿರುವ ಈ ಕಾಲದಲ್ಲಿ ಬೋರಿಂಗ್ ಕೆಲಸ ಕಡಿಮೆಯಾಗಬಹುದು. ಅಳೆದು, ಬರೆದು, ಲೆಕ್ಕ ಹಾಕಿ ಕೆಲಸ ಮಾಡುವವನು ಮಾತ್ರ ಯಾವ ಯಂತ್ರ ಬಂದರೂ ಅದಕ್ಕೆ ಹೊಂದಿಕೊಳ್ಳುತ್ತಾನೆ.

ಸಂಘದ ಹಿರಿಯರಲ್ಲಿ ಮೂರು ಬಿನ್ನಹಗಳು. ಗ್ಯಾರೇಜಿಗೆ ಸೇರಿದ ಹುಡುಗರಿಗೆ ವಾರಕ್ಕೆರಡು ಸಂಜೆ ಅಳತೆ ಮತ್ತು ಗಣಿತದ ತರಗತಿ ನಡೆಸೋಣ. ಒಂದು ಬೋರ್ ಗೇಜ್, ಒಂದು ಮೈಕ್ರೋಮೀಟರ್ ಕೊಂಡು, ಗ್ರಂಥಾಲಯದ ಪುಸ್ತಕದಂತೆ ಎಲ್ಲರ ಬಳಕೆಗೆ ಇಡೋಣ. ಎಸ್.ಎಸ್.ಎಲ್.ಸಿ. ಮುಗಿಸದವರನ್ನು ಪರೀಕ್ಷೆಗೆ ಕೂರಿಸಿ, ಐ.ಟಿ.ಐ.ನ ಟರ್ನರ್, ಮೆಷಿನಿಸ್ಟ್, ಮೋಟಾರ್ ಮೆಕ್ಯಾನಿಕ್ ವಿಭಾಗಗಳಿಗೆ ಕಳಿಸೋಣ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ಟರ್ನರುಗಳಾಗಬೇಕಿಲ್ಲ. ಆದರೆ ನಿಮ್ಮ ಅಣ್ಣನೋ ಚಿಕ್ಕಪ್ಪನೋ ಗ್ಯಾರೇಜಿನಲ್ಲಿದ್ದರೆ, ಇಂದು ಸಂಜೆ ಹೋಗಿ ಒಂದು ಹಳೆಯ ರಿಂಗು, ಒಂದು ಸವೆದ ಬ್ಲಾಕು ಕೇಳಿ ಪಡೆಯಿರಿ. ಮೇಲೆ ಕೆಳಗೆ ಅಳೆದು, ಪೈಯಿಂದ ಭಾಗಿಸಿ, ಬಂದ ಉತ್ತರವನ್ನು ಅವರಿಗೆ ತೋರಿಸಿ. ಅವರಿಗೂ ನಿಮಗೂ ಅದರಿಂದ ಉಪಕಾರವಾಗುತ್ತದೆ.