ದಖ್ಖನಿನ ಲಾವಾ ಪದರಗಳು ಮತ್ತು ನಮ್ಮ ಕಾಲದ ವೇಗ

(ಬಳಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣಿನ ಅಧ್ಯಯನ ನನ್ನ ವೃತ್ತಿ. ಮಣ್ಣಿನ ಮೂಲವನ್ನು ಅರಸಿದವನು ಕಲ್ಲಿಗೆ ಬರಲೇಬೇಕು. ಆದ್ದರಿಂದ ಇಂದು ದಖ್ಖನಿನ ಲಾವಾ ಪ್ರಸ್ಥಭೂಮಿಯ ವಿಚಾರವನ್ನು ಆರಿಸಿಕೊಂಡಿದ್ದೇನೆ. ಗಣಿ, ಕಾಡು, ಹವಾಮಾನಗಳ ಚರ್ಚೆಯ ನಡುವೆ 6.6 ಕೋಟಿ ವರ್ಷಗಳ ಹಿಂದಿನ ಸಂಗತಿ ಏಕೆ ಎಂದು ತಾವು ಕೇಳಬಹುದು. ಉತ್ತರ ಆ ಕಲ್ಲಿನ ರಸಾಯನದಲ್ಲಿಯೇ ಇದೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳೋಣ. ಇಡೀ ಸಹ್ಯಾದ್ರಿ ಲಾವಾದಿಂದ ಆದದ್ದೆಂದು ಅನೇಕರು ಭಾವಿಸಿದ್ದಾರೆ. ದಖ್ಖನಿನ ಲಾವಾ ದಕ್ಷಿಣದಲ್ಲಿ ಬೆಳಗಾವಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಶಿರಸಿ, ಆಗುಂಬೆ, ಕುದುರೆಮುಖಗಳ ಶಿಲೆ ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಬಾಬಾಬುಡನ್‌ಗಿರಿಯಲ್ಲಿಯೂ ಲಾವಾಶಿಲೆಯಿದೆ, ಆದರೆ ಅದು 250 ಕೋಟಿ ವರ್ಷಗಳಿಗೂ ಹಿಂದಿನದು. ಕರ್ನಾಟಕದಲ್ಲಿ ದಖ್ಖನಿನ ಲಾವಾ ಹರಡಿರುವುದು ಬೀದರ, ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಮತ್ತು ಬಾಗಲಕೋಟೆ, ಬೆಳಗಾವಿಗಳ ಕೆಲವು ಭಾಗಗಳಲ್ಲಿ.

ಇಂದು ಉಳಿದಿರುವ ಈ ಲಾವಾ ಪ್ರದೇಶದ ವಿಸ್ತೀರ್ಣ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಪಶ್ಚಿಮ ಅಂಚಿನಲ್ಲಿ ಪದರಗಳ ಒಟ್ಟು ದಪ್ಪ 2 ಕಿಲೋಮೀಟರಿಗೂ ಹೆಚ್ಚು. ಆಗ್ನೇಯಕ್ಕೆ ಬಂದಂತೆ ತೆಳುವಾಗುತ್ತದೆ. ಇವು ಶಂಕುವಿನಾಕಾರದ ಜ್ವಾಲಾಮುಖಿಯಿಂದ ಸಿಡಿದವಲ್ಲ. ನೆಲ ಉದ್ದುದ್ದ ಬಿರಿದು, ಬಿರುಕುಗಳಿಂದ ಉಕ್ಕಿದ ರಸ ನೆರೆಯಂತೆ ಹರಡಿತು. ಒಂದರ ಮೇಲೊಂದು ಬಿದ್ದ ಪದರಗಳು ಸವೆದು ಬೆಟ್ಟದ ಬದಿಯಲ್ಲಿ ಮೆಟ್ಟಿಲುಗಳಂತೆ ಕಾಣುತ್ತವೆ. ‘ಟ್ರ್ಯಾಪ್’ ಎಂಬ ಹೆಸರು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ ಬಂದದ್ದು.

ಕಣ್ಣಿಗೆ ಈ ಕರಿಗಲ್ಲೆಲ್ಲ ಒಂದೇ. ಪ್ರಯೋಗಾಲಯದಲ್ಲಿ ಹಾಗಲ್ಲ. ಭೂವಿಜ್ಞಾನಿಗಳು ಪದರಗಳನ್ನು ರಾಸಾಯನಿಕ ಗುಣದ ಆಧಾರದ ಮೇಲೆ ಹಲವು ಶ್ರೇಣಿಗಳಾಗಿ ವಿಂಗಡಿಸಿದ್ದಾರೆ: ಜವ್ಹಾರ್, ಖಂಡಾಳ, ಬುಶೆ, ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ ಇತ್ಯಾದಿ. ಇದರಲ್ಲಿ ಸ್ಟ್ರಾನ್ಷಿಯಂ ಧಾತುವಿನ ಸಾಕ್ಷ್ಯ ಮುಖ್ಯ. ರುಬಿಡಿಯಂ-87 ನಿಧಾನವಾಗಿ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುತ್ತದೆ. ಹಳೆಯ ಭೂಖಂಡದ ತೊಗಟೆಯಲ್ಲಿ ರುಬಿಡಿಯಂ ಹೆಚ್ಚು. ಹಾಗಾಗಿ ಅಲ್ಲಿ ಸ್ಟ್ರಾನ್ಷಿಯಂ-87ರ ಪಾಲೂ ಹೆಚ್ಚು. ತೊಗಟೆಯ ಕೆಳಗಿನ ಮ್ಯಾಂಟಲ್‌ನಲ್ಲಿ ಅದು ಕಡಿಮೆ. ಬುಶೆ ಶ್ರೇಣಿಯಲ್ಲಿ ಈ ಪಾಲು ಬಹಳ ಹೆಚ್ಚಿದೆ. ಅಂದರೆ ಆ ಶಿಲಾಪಾಕ ಮೇಲೇರುವಾಗ ದಾರಿಯ ಹಳೆಯ ಶಿಲೆಯನ್ನು ಕರಗಿಸಿ ಬೆರೆಸಿಕೊಂಡಿದೆ. ಅಂಬೇನಳಿಯ ಕಲ್ಲು ಇದಕ್ಕೆ ವಿರುದ್ಧ. ಅದು ಆಳದಿಂದ ಹೆಚ್ಚು ಕಲಬೆರಕೆಯಿಲ್ಲದೆ ಬಂದಿದೆ. ಆಂಧ್ರದ ರಾಜಮಹೇಂದ್ರಿಯ ಬಳಿಯ ಲಾವಾ ರಾಸಾಯನಿಕವಾಗಿ ಅಂಬೇನಳಿ, ಮಹಾಬಳೇಶ್ವರ ಶ್ರೇಣಿಗಳಿಗೆ ಹೊಂದುತ್ತದೆ. ಪಶ್ಚಿಮದಲ್ಲಿ ಉಕ್ಕಿದ ರಸ ಸುಮಾರು 1,000 ಕಿಲೋಮೀಟರ್ ಹರಿದು ಪೂರ್ವ ಕರಾವಳಿ ಮುಟ್ಟಿತೆಂಬ ವಾದಕ್ಕೆ ಇದು ಆಧಾರ.

ಇಷ್ಟೊಂದು ರಸ ಉಕ್ಕಿದ್ದು ಹೇಗೆ? ಮ್ಯಾಂಟಲ್ ಬಿಸಿಯಾಗಿದ್ದರೂ ಮೇಲಿನ ಒತ್ತಡದಿಂದಾಗಿ ಬಹುತೇಕ ಘನವಾಗಿಯೇ ಇರುತ್ತದೆ. ಬಿಸಿ ಶಿಲೆ ಮೇಲೇರಿದಾಗ ಒತ್ತಡ ತಗ್ಗಿ ಭಾಗಶಃ ಕರಗುತ್ತದೆ. ಆಳದಿಂದ ಎದ್ದ ಬಿಸಿಶಿಲೆಯ ಸ್ತಂಭವೊಂದು ಉತ್ತರಕ್ಕೆ ಸಾಗುತ್ತಿದ್ದ ಭಾರತದ ಅಡಿಗೆ ಬಂತು ಎಂಬುದು ಹೆಚ್ಚು ಪ್ರಚಲಿತವಾದ ಮತ. ಲಕ್ಷದ್ವೀಪ, ಮಾಲ್ಡೀವ್ಸ್‌ಗಳ ಸಾಲು ಆ ಸ್ತಂಭದ ಜಾಡೆಂದೂ, ಇಂದಿಗೂ ಲಾವಾ ಉಗುಳುವ ರಿಯೂನಿಯನ್ ದ್ವೀಪ ಅದರ ಈಗಿನ ತಾಣವೆಂದೂ ಈ ಮತ ಹೇಳುತ್ತದೆ. ಐಐಟಿ ಮುಂಬಯಿಯ ಹೇತು ಶೇಠ್ ಮುಂತಾದವರು ಇದನ್ನು ಒಪ್ಪಿಲ್ಲ. ಭೂಖಂಡ ಎಳೆದು ಸೀಳಿದ್ದರಿಂದಲೇ ಕರಗುವಿಕೆ ನಡೆಯಿತೆಂಬುದು ಅವರ ವಾದ. ವಿವಾದ ಇನ್ನೂ ಮುಗಿದಿಲ್ಲ.

ನನ್ನ ಆಸಕ್ತಿ ಪದರಗಳ ನಡುವಿನ ಸಂದಿಗಳಲ್ಲಿದೆ. ಎರಡು ಲಾವಾ ಪದರಗಳ ನಡುವೆ ಹಲವೆಡೆ ಇಟ್ಟಿಗೆ ಬಣ್ಣದ ತೆಳುಮಣ್ಣಿನ ಪಟ್ಟಿ ಕಾಣುತ್ತದೆ. ಒಂದು ಉಕ್ಕಿಗೂ ಮತ್ತೊಂದಕ್ಕೂ ನಡುವೆ ಕಲ್ಲು ಗಾಳಿ-ಮಳೆಗೆ ಸಿಕ್ಕು ಮಣ್ಣಾಗುವಷ್ಟು ಬಿಡುವು ಇತ್ತೆಂಬುದಕ್ಕೆ ಇದೇ ಸಾಕ್ಷಿ. ಇಂಥ ಪಟ್ಟಿಗಳಲ್ಲಿ ಬೂದಿಯೊಡನೆ ಬಿದ್ದ ಜಿರ್ಕಾನ್ ಹರಳುಗಳಿಂದಲೇ ಪ್ರಿನ್ಸ್‌ಟನ್ನಿನ ಬ್ಲೇರ್ ಶೋನ್ ಅವರ ತಂಡ ಕಾಲಗಣನೆ ಮಾಡಿತು. 2019ರಲ್ಲಿ ಆ ತಂಡ, ಲಾವಾ ಕೆಲವು ದೊಡ್ಡ ಅಲೆಗಳಾಗಿ ಬಂತೆಂದಿತು. ಅದೇ ವರ್ಷ ಕೋರ್ಟ್ನಿ ಸ್ಪ್ರೇನ್ ಅವರ ತಂಡ ಬೇರೊಂದು ವಿಧಾನದಿಂದ, ಹೆಚ್ಚಿನ ಪಾಲು ಮೆಕ್ಸಿಕೊದಲ್ಲಿ ಕ್ಷುದ್ರಗ್ರಹ ಅಪ್ಪಳಿಸಿದ ಅನಂತರ ಬಂತೆಂದಿತು. ಡೈನೊಸಾರ್‌ಗಳ ಅಳಿವಿನಲ್ಲಿ ಲಾವಾದ ಪಾಲೆಷ್ಟು ಎಂಬುದು ಈ ಭೇದದ ಮೇಲೆ ನಿಂತಿದೆ. ಆದರೆ ಮುಖ್ಯಭಾಗ 10 ಲಕ್ಷ ವರ್ಷಗಳೊಳಗೆ ಮುಗಿಯಿತೆಂಬುದರಲ್ಲಿ ಇಬ್ಬರಿಗೂ ಸಹಮತವಿದೆ.

ಈಗ ಒಂದು ಸರಳ ಲೆಕ್ಕ. ಒಟ್ಟು ಲಾವಾ 10 ಲಕ್ಷ ಘನ ಕಿಲೋಮೀಟರ್, ಅವಧಿ 8 ಲಕ್ಷ ವರ್ಷ ಎಂದು ಹಿಡಿಯೋಣ. ಸರಾಸರಿ ವರ್ಷಕ್ಕೆ ಒಂದೂಕಾಲು ಘನ ಕಿಲೋಮೀಟರ್ ಆಯಿತು. ಶಿಲಾಪಾಕದ ತೂಕದಲ್ಲಿ ಶೇಕಡಾ 0.5ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೆ, ಒಂದು ಘನ ಕಿಲೋಮೀಟರಿನಿಂದ ಹೊರಬರುವುದು ಸುಮಾರು 1.4 ಕೋಟಿ ಟನ್. ಕಲ್ಲಿದ್ದಲು, ಪೆಟ್ರೋಲಿಯಂ, ಅನಿಲಗಳನ್ನು ಸುಟ್ಟು ಮನುಷ್ಯ ಈಚಿನ ವರ್ಷಗಳಲ್ಲಿ ಹೊರಸೂಸುತ್ತಿರುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಅಂದರೆ ದಖ್ಖನಿನ ಲಾವಾ ಸರಾಸರಿ 2,000 ವರ್ಷಗಳಲ್ಲಿ ಬಿಟ್ಟ ಅನಿಲವನ್ನು ನಾವು ಒಂದೇ ವರ್ಷದಲ್ಲಿ ಬಿಡುತ್ತಿದ್ದೇವೆ. ಮೇಲೆ ಬಾರದೆ ನೆಲದೊಳಗೇ ಉಳಿದ ಶಿಲಾಪಾಕದ ಅನಿಲವನ್ನೂ ಸೇರಿಸಿ ಹತ್ತು ಪಟ್ಟು ಮಾಡಿದರೂ 200 ವರ್ಷಗಳ ಅಂತರ ಉಳಿಯುತ್ತದೆ.

ಸೈಬೀರಿಯದ ಉದಾಹರಣೆ ಇನ್ನೂ ಹತ್ತಿರದ್ದು. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಅಲ್ಲಿ ಶಿಲಾಪಾಕ ನುಗ್ಗಿದ್ದು ಕಲ್ಲಿದ್ದಲು ಮತ್ತು ಉಪ್ಪಿನ ಪದರಗಳೊಳಗೆ. ಅವು ಬೆಂದು ಅಪಾರ ಅನಿಲ ಬಿಟ್ಟವು. ಭೂಮಿಯ ಇತಿಹಾಸದ ಅತಿ ದೊಡ್ಡ ಜೀವನಾಶ ಆಗಲೇ ನಡೆಯಿತು. ಅಲ್ಲಿ ಶಿಲಾಪಾಕ ಮಾಡಿದ ಕೆಲಸವನ್ನು ಇಲ್ಲಿ ನಮ್ಮ ವಿದ್ಯುತ್ ಸ್ಥಾವರಗಳು ಮಾಡುತ್ತಿವೆ.

ಹೊರಬಂದ ಇಂಗಾಲವನ್ನು ಮರಳಿ ಹಿಡಿದದ್ದು ಯಾವುದು? ಅದೇ ಕಲ್ಲು. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಬಸಾಲ್ಟಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಡಿಸಿಕೊಂಡು ಬೈಕಾರ್ಬನೇಟ್ ಆಗಿ ಹೊಳೆ ಸೇರುತ್ತದೆ. ಕಡೆಗೆ ಕಡಲ ತಳದಲ್ಲಿ ಸುಣ್ಣಕಲ್ಲಾಗುತ್ತದೆ. ಮಳೆ ಕಡಿಮೆಯಿದ್ದ ವಿಜಯಪುರದ ಕಡೆ ಉಳಿದ ಜೇಡಿ ಎರೆಮಣ್ಣಾಯಿತು. ಮಳೆ ಹೆಚ್ಚಿದ್ದ ಘಟ್ಟದ ನೆತ್ತಿಯಲ್ಲಿ ಸುಣ್ಣಾಂಶವೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದು ಜಂಬಿಟ್ಟಿಗೆಯಾಯಿತು. ಒಂದೇ ಕಲ್ಲು, ಎರಡು ಮಣ್ಣು. ಒಂದು ಅಂಗುಲ ಮೇಲ್ಮಣ್ಣಿಗೆ ನೂರಾರು ವರ್ಷ ಬೇಕು. ಜಂಬಿಟ್ಟಿಗೆಯ ದಪ್ಪ ಹೊದಿಕೆಗೆ ಲಕ್ಷಗಟ್ಟಲೆ ವರ್ಷ.

ಈ ಶಿಥಿಲೀಕರಣವನ್ನು ಅವಸರಪಡಿಸುವ ಯೋಜನೆಯೊಂದು ಈಗ ಪ್ರಚಾರದಲ್ಲಿದೆ: ಬಸಾಲ್ಟನ್ನು ಪುಡಿಮಾಡಿ ಹೊಲಕ್ಕೆ ಎರಚಿ, ಹಿಡಿದ ಇಂಗಾಲವನ್ನು ಮಾರುವುದು. ಕೃಷಿ ವಿಜ್ಞಾನಿಯಾಗಿ ಇದನ್ನು ನಾನು ತಳ್ಳಿಹಾಕಲಾರೆ. ಹುಳಿಮಣ್ಣಿಗೆ ಈ ಪುಡಿ ನಿಧಾನವಾಗಿ ಸುಣ್ಣದ ಕೆಲಸ ಮಾಡುತ್ತದೆ. ಕ್ರಷರಿನ ಬಳಿ ಬಿದ್ದಿರುವ ದೂಳು ಹೊಲಕ್ಕೆ ಬಂದರೆ ಒಳ್ಳೆಯದೇ. ಆದರೆ ಒಂದು ಟನ್ ಬಸಾಲ್ಟ್ ಪೂರ್ಣ ಕರಗಿದರೂ ಹಿಡಿಯಬಲ್ಲದ್ದು ಸುಮಾರು 0.3 ಟನ್ ಮಾತ್ರ. ವರ್ಷದ 3,700 ಕೋಟಿ ಟನ್ನಿಗೆ 12,000 ಕೋಟಿ ಟನ್ನಿಗೂ ಮಿಕ್ಕಿದ ಕಲ್ಲು ಬೇಕು. ಇದರ ಹೆಸರಿನಲ್ಲಿ ಹೊಸ ಕ್ವಾರಿಗೆ ಅನುಮತಿ ಕೇಳಿದವರಿಗೆ ನಾವು ಈ ಅಂಕಿಯನ್ನು ತೋರಿಸಬೇಕು.

ಕೊನೆಯದಾಗಿ, ನೆತ್ತಿಯ ಕಲ್ಲುಬಯಲುಗಳ ಮಾತು. ಮರವಿಲ್ಲದ ಜಂಬಿಟ್ಟಿಗೆಯ ಬಯಲು ದಾಖಲೆಯಲ್ಲಿ ಬಹುಮಟ್ಟಿಗೆ ಬಂಜರು. ಸಾತಾರದ ಕಾಸ್ ಅಂಥ ಬಯಲೇ. ಅಲ್ಲಿಯ ಮಳೆಗಾಲದ ಹೂಗಳಿಂದಾಗಿ ಹೆಸರಾಯಿತು, 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳಲ್ಲಿ ಸೇರಿತು. ಹೂವಿಲ್ಲದ ಬಯಲಿಗೂ ಬೆಲೆಯಿದೆ. ರಂಧ್ರಮಯವಾದ ಜಂಬಿಟ್ಟಿಗೆ ಮಳೆಯನ್ನು ಹೀರಿ, ತಳದ ಗಟ್ಟಿಕಲ್ಲು ತಡೆದೆಡೆಯಲ್ಲಿ ಒರತೆಯಾಗಿ ಬಿಡುತ್ತದೆ. ಬೀದರದ ನೌಬಾದಿನ ಕರೇಜ್ ಸುರಂಗ ಕಾಲುವೆಯನ್ನು ಬಹಮನಿಗಳ ಕಾಲದವರು ಈ ತತ್ತ್ವವನ್ನರಿತೇ ತೋಡಿದರು. ಬಾಕ್ಸೈಟಿಗಾಗಿಯೋ ಕಟ್ಟಡದ ಕಲ್ಲಿಗಾಗಿಯೋ ಆ ಹೊದಿಕೆಯನ್ನು ತೆಗೆದರೆ ಕೆಳಗಿನ ಊರಿನ ಒರತೆ ಬತ್ತುತ್ತದೆ. ಮತ್ತೆ ಸಸಿ ನೆಟ್ಟು ಅದನ್ನು ಸರಿಪಡಿಸಲು ಬಾರದು. ಹೋದದ್ದು ನೀರು ಹಿಡಿಯುವ ಕಲ್ಲೇ.

ಆದ್ದರಿಂದ ನನ್ನದೊಂದು ಸಲಹೆ. ಈ ಮಳೆಗಾಲದ ಅನಂತರ ನಮ್ಮ ಸದಸ್ಯರು ತಂತಮ್ಮ ಊರಿನ ಕಲ್ಲುಬಯಲು ಮತ್ತು ಅದರ ಬುಡದ ಒರತೆಗಳನ್ನು ಗುರುತಿಸಿ, ಯಾವ ತಿಂಗಳವರೆಗೆ ನೀರು ಬರುತ್ತದೆಂದು ಬರೆದಿಡಲಿ. ಆ ಪಟ್ಟಿ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿ ಇಡಬೇಕಾದ ದಾಖಲಾತಿಯಲ್ಲಿ ಸೇರಲಿ. ಗಣಿಯ ಅರ್ಜಿ ಬಂದ ಮೇಲೆ ಒರತೆಯನ್ನು ಹುಡುಕಲು ಹೊರಟರೆ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಬಯಲಿನ ಹೆಸರಿನ ಮುಂದೆ ‘ಬಂಜರು’ ಎಂದಷ್ಟೇ ಇರುವ ಕಡೆ ‘ಇಂತಿಂಥ ಊರಿನ ನೀರಿನ ಮೂಲ’ ಎಂದೂ ಬರೆಸುವುದು ನಮ್ಮಿಂದ ಆಗುವ ಕೆಲಸ.