ಪ್ರೇಮ ಕಾದಂಬರಿಯಲ್ಲಿ ಯಾರಿಗೆ ಜಾಗ?

ನಾನು ಹೈದರಾಬಾದ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮಾಡಿದವನು ರೊಮ್ಯಾನ್ಸ್ ಕಾದಂಬರಿ ಓದ್ತಾನೆ ಅಂದ್ರೆ ನಮ್ಮ ಟೀಮ್‌ನಲ್ಲಿ ನಗ್ತಾರೆ. ನಗಲಿ ಬಿಡಿ, ಇವತ್ತು ಅದರ ಬಗ್ಗೆಯೇ ಮಾತು.

ಹೆಲೆನ್ ಹೊವಾಂಗ್ ಬರೆದ ‘ದ ಕಿಸ್ ಕೋಶೆಂಟ್’ 2018ರಲ್ಲಿ ಬಂತು. ನಾಯಕಿ ಸ್ಟೆಲ್ಲಾ ಇರೋದು ಕ್ಯಾಲಿಫೋರ್ನಿಯಾದಲ್ಲಿ. ಜನ ಏನು ಕೊಳ್ತಾರೆ ಅಂತ ಊಹಿಸುವ ಅಲ್ಗಾರಿದಮ್ ಬರೆಯೋದು ಅವಳ ಕೆಲಸ. ದುಡ್ಡಿಗೆ ಕೊರತೆ ಇಲ್ಲ. ಮೂವತ್ತಾಯ್ತು, ಮೊಮ್ಮಕ್ಕಳು ಯಾವಾಗ ಅಂತ ಅಮ್ಮನ ವರಾತ. ಈ ಕಾಲ್ ನಮಗೂ ಪ್ರತಿ ಭಾನುವಾರ ಬರುತ್ತೆ, ಅಲ್ವಾ? ಸ್ಟೆಲ್ಲಾಗೆ ಆಟಿಸಂ ಇದೆ. ಗಂಡಿನ ಜೊತೆ ಹೇಗಿರಬೇಕು ಅಂತ ಕಲಿಯೋಕೆ ಅವಳು ದುಡ್ಡು ಕೊಟ್ಟು ಮೈಕಲ್ ಅನ್ನೋನನ್ನ ಗೊತ್ತು ಮಾಡ್ತಾಳೆ. ಮೈಕಲ್‌ನ ಅಮ್ಮ ವಿಯೆಟ್ನಾಂನವರು.

ಮೈಕಲ್ ಮನೆಯ ಊಟದ ಭಾಗ ನೋಡಿ. ಟಿವಿ ಒಂದು ಕಡೆ, ಪಿಯಾನೊ ಇನ್ನೊಂದು ಕಡೆ, ಮನೆ ತುಂಬಾ ಮಾತು. ಸ್ಟೆಲ್ಲಾಗೆ ಆ ಸದ್ದೇ ಹಿಂಸೆ. ಅದರ ಮಧ್ಯೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಮಾಡಿದ ಊಟ ಆರೋಗ್ಯಕ್ಕೆ ಒಳ್ಳೇದಲ್ಲ ಅಂತ ಬಡಿಸಿದವರ ಎದುರೇ ಹೇಳಿಬಿಡ್ತಾಳೆ. ಹೇಳಿದ್ದು ಕಾಳಜಿಯಿಂದಲೇ. ಆದ್ರೆ ಅತಿಥಿಗೆ ಬಡಿಸೋದೇ ಪ್ರೀತಿ ಅಂದ್ಕೊಂಡಿರೋ ಆ ತಾಯಿಗೆ ಅದು ಅವಮಾನ. ಇಬ್ಬರದ್ದೂ ತಪ್ಪಿಲ್ಲ. ನನ್ನ ಪ್ರಕಾರ ಇಡೀ ಪುಸ್ತಕ ಗೆಲ್ಲೋದು ಇಲ್ಲೇ. ಸಂಸ್ಕೃತಿ ಅಂದ್ರೆ ಸೀರೆ, ಮಾವಿನಹಣ್ಣು, ಮಸಾಲೆ ಘಮ ಅಂತ ಅಲಂಕಾರಕ್ಕೆ ಇಟ್ಟಿಲ್ಲ, ಕಥೆ ತಿರುಗೋದೇ ಅದರ ಮೇಲೆ. ಹೊವಾಂಗ್ ಅವರಿಗೂ ಆಟಿಸಂ ಇದೆ ಅಂತ ಗೊತ್ತಾಗಿದ್ದು 2016ರಲ್ಲಿ. ಒಳಗಿನಿಂದ ಬರೆದಿದ್ದಾರೆ ಅನ್ನೋದು ಓದಿದ್ರೆ ತಿಳಿಯುತ್ತೆ.

ನಮ್ಮ ಮ್ಯಾಟ್ರಿಮನಿ ಸೈಟ್‌ಗಳಲ್ಲಿ ಜಾತಿ, ಎತ್ತರ, ಪ್ಯಾಕೇಜ್, ಎಲ್ಲಕ್ಕೂ ಕಾಲಂ ಇದೆ. ‘ಗದ್ದಲ ಜಾಸ್ತಿ ಆದ್ರೆ ನಾನು ಎದ್ದು ಹೋಗ್ಬೇಕಾಗುತ್ತೆ’ ಅಂತ ಬರೆಯೋಕೆ ಕಾಲಂ ಇಲ್ಲ. ಅಂಥವರು ನಮ್ಮ ಫ್ಲೋರ್‌ನಲ್ಲೇ ಇದ್ದಾರೆ. ಅವರಿಗೆ ‘ಅಡ್ಜಸ್ಟ್ ಮಾಡ್ಕೋ’ ಅಂತೀವಿ, ಅಷ್ಟೇ.

ಇನ್ನೊಂದು, ಸೋನಾಲಿ ದೇವ್ ಅವರ ‘ಎ ಬಾಲಿವುಡ್ ಅಫೇರ್’, 2014ರದ್ದು. ರಾಜಸ್ಥಾನದ ಮಿಲಿಗೆ ನಾಲ್ಕನೇ ವಯಸ್ಸಿಗೇ ಮದುವೆ. ಇಪ್ಪತ್ತು ವರ್ಷದಿಂದ ಗಂಡನ ಮುಖ ನೋಡಿಲ್ಲ. ತಮಾಷೆ ಅಂದ್ರೆ ಆ ಮದುವೆಯ ನೆಪದಲ್ಲೇ ಅವಳಿಗೆ ಓದೋಕೆ ಅಮೆರಿಕಕ್ಕೆ ಹೋಗುವಷ್ಟು ಸ್ವಾತಂತ್ರ್ಯ ಸಿಗುತ್ತೆ. ಅಲ್ಲಿಗೆ ಗಂಡನ ತಮ್ಮ, ಸಿನಿಮಾ ನಿರ್ದೇಶಕ, ಹುಡುಕಿಕೊಂಡು ಬರ್ತಾನೆ. ನಾಟಕ ಸ್ವಲ್ಪ ಜಾಸ್ತಿಯೇ, ಹೆಸರಲ್ಲೇ ಬಾಲಿವುಡ್ ಇದೆಯಲ್ಲ! ಆದ್ರೆ ಮಿಲಿಯನ್ನ ‘ಪಾಪ’ ಅಂತ ನೋಡೋಕೆ ಲೇಖಕಿ ಬಿಡಲ್ಲ.

ಇಂಥ ಕಥೆಗಳಿಗೆ ಬಾಗಿಲು ಸುಲಭವಾಗಿ ತೆರೆದಿಲ್ಲ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಕಟ್ಟಿದವರಲ್ಲಿ ವಿವಿಯನ್ ಸ್ಟೀಫನ್ಸ್ ಎಂಬ ಕಪ್ಪು ಸಂಪಾದಕಿ ಮುಖ್ಯರು. ಅದೇ ಸಂಘದ ರೀಟಾ ಪ್ರಶಸ್ತಿ ಮೊದಲ ಬಾರಿ ಕಪ್ಪು ಲೇಖಕಿಯರಿಗೆ ಸಿಕ್ಕಿದ್ದು 2019ರಲ್ಲಿ. ಲೆಕ್ಕ ನೀವೇ ಹಾಕಿ, ಸಂಘ ಹುಟ್ಟಿದ್ದು 1980ರಲ್ಲಿ.

ಯಾವುದು ಮೊದಲು ಓದ್ಲಿ ಅಂತ ಕೇಳಿದ್ರೆ, ಸ್ಟೆಲ್ಲಾ ಕಥೆ. ಒಂದೇ ಮಾತು, ಅದರಲ್ಲಿ ಬೆಡ್‌ರೂಮಿನ ಪುಟಗಳು ಧಾರಾಳವಾಗಿವೆ. ಆಫೀಸ್ ಕ್ಯಾಬ್‌ನಲ್ಲಿ ಆಡಿಯೋಬುಕ್ ಹಾಕೋ ಮುಂಚೆ ಇಯರ್‌ಫೋನ್ ಕನೆಕ್ಟ್ ಆಗಿದೆಯಾ ಅಂತ ಎರಡು ಸಲ ನೋಡ್ಕೊಳ್ಳಿ.