ಔಷಧಿಗೆ ಅವಸರ, ಕತ್ತರಿಗೆ ತಾಳ್ಮೆ

(ಗ್ರಾಮ ಆರೋಗ್ಯ ಕಾರ್ಯಕರ್ತೆಯರ ಹಾಗೂ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿ ಶಿಬಿರದಲ್ಲಿ ಧರ್ಮಭಗಿನಿಯೊಬ್ಬರು ನೀಡಿದ ಉಪನ್ಯಾಸ)



ಬಾಣಂತಿಯನ್ನು ನೋಡಲು ಹೋದವರೆಲ್ಲ ಮೊದಲು ಕೇಳುವುದು "ಗಂಡೋ, ಹೆಣ್ಣೋ?" ಅಂತ. ಅಪರೂಪಕ್ಕೆ ಈ ಪ್ರಶ್ನೆಗೆ ಡಾಕ್ಟರಿಗೂ ತಕ್ಷಣ ಉತ್ತರ ಹೇಳಲು ಆಗುವುದಿಲ್ಲ. ಮಗುವಿನ ಜನನಾಂಗ, ಹಾರ್ಮೋನು ಅಥವಾ ವರ್ಣತಂತು ಗಂಡು, ಹೆಣ್ಣು ಎಂಬ ಸಾಮಾನ್ಯ ಲೆಕ್ಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಇಂಥವರನ್ನು ಇಂಟರ್‌ಸೆಕ್ಸ್, ಅಂದರೆ ಅಂತರಲಿಂಗಿಗಳು ಎನ್ನುತ್ತಾರೆ. ಕೆಲವರಲ್ಲಿ ಇದು ಹುಟ್ಟಿದಾಗಲೇ ತಿಳಿಯುತ್ತದೆ. ಕೆಲವರಲ್ಲಿ ಹುಡುಗಿ ದೊಡ್ಡವಳಾಗುವ ವಯಸ್ಸಿನಲ್ಲಿ ಮುಟ್ಟು ಬಾರದೆ ಇದ್ದಾಗ ತಿಳಿಯುತ್ತದೆ. ಇದು ಗ್ರಹಣ ನೋಡಿದ್ದರಿಂದ ಬಂದದ್ದಲ್ಲ, ಶಾಪವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ಮೊದಲು ಅವಸರದ ವಿಷಯ ಹೇಳುತ್ತೇನೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟುರೋಗವಿದೆ. ಡಾಕ್ಟರು ಅದನ್ನು ಸಿ.ಎ.ಎಚ್. ಅನ್ನುತ್ತಾರೆ. ಇದಿರುವ ಹೆಣ್ಣುಮಗುವಿನ ಜನನಾಂಗ ಗಂಡಿನಂತೆ ಕಾಣಬಹುದು. ಇದರ ತೀವ್ರ ರೂಪದಲ್ಲಿ ಮೈಯ ಉಪ್ಪು ಮೂತ್ರದಲ್ಲಿ ಹೋಗಿಬಿಡುತ್ತದೆ. ಹುಟ್ಟಿದ ಎರಡು ಮೂರು ವಾರಗಳೊಳಗೆ ಮಗು ವಾಂತಿ ಮಾಡಿ, ಹಾಲು ಬಿಟ್ಟು, ಸೊರಗಿ ಸಾಯಬಹುದು. ಗಂಡುಮಗುವಿಗೂ ಈ ರೋಗ ಬರುತ್ತದೆ, ಆದರೆ ಹೊರಗೆ ಗುರುತು ಕಾಣುವುದಿಲ್ಲ. ತಂದೆ ತಾಯಿ ಇಬ್ಬರಲ್ಲೂ ಇದರ ಅಂಶ ಇದ್ದರೆ ಮಾತ್ರ ಮಗುವಿಗೆ ಬರುತ್ತದೆ. ಆದ್ದರಿಂದ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವ ನಮ್ಮ ಕಡೆ ಅಪಾಯ ಹೆಚ್ಚು. ಇದಕ್ಕೆ ಬೇಕಾದದ್ದು ಔಷಧಿ: ಹೈಡ್ರೋಕಾರ್ಟಿಸೋನ್, ಉಪ್ಪಿನಂಶ ಕಾಪಾಡುವ ಮಾತ್ರೆ, ಜೀವನಪೂರ್ತಿ. ಇದರಲ್ಲಿ ಒಂದು ದಿನವೂ ತಡ ಮಾಡಬಾರದು.

ಇನ್ನು ಕತ್ತರಿಯ ವಿಷಯ. ಮೂತ್ರಕ್ಕೆ ದಾರಿ ಇಲ್ಲದಿದ್ದರೆ ಆಪರೇಷನ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಳಗಿರುವ ಗ್ರಂಥಿಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಕೆಲವು ಬಗೆಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ತೀರಾ ಕಡಿಮೆ. ಅದನ್ನು ತಜ್ಞರು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನೋಡಬೇಕು. ಆದರೆ ಬಹಳಷ್ಟು ಆಪರೇಷನ್‌ಗಳು ಮಗುವಿನ ಅಂಗ ನೋಡುವವರ ಕಣ್ಣಿಗೆ "ಸರಿಯಾಗಿ" ಕಾಣಲಿ ಅಂತ ಮಾಡುವಂಥವು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಬೆಳೆದ ಒಂದು ಅಭಿಪ್ರಾಯದಿಂದ ಈ ಪದ್ಧತಿ ಹರಡಿತು: ಬೇಗ ಸರಿಪಡಿಸಿ, ಒಂದೇ ರೀತಿಯಲ್ಲಿ ಬೆಳೆಸಿದರೆ ಮಗು ಹಾಗೆಯೇ ಆಗುತ್ತದೆ ಅಂತ. 1990ರ ದಶಕದಲ್ಲಿ ಅದೇ ಮಕ್ಕಳು ದೊಡ್ಡವರಾಗಿ ಬಾಯಿ ಬಿಟ್ಟರು. ಸ್ಪರ್ಶ ಸತ್ತಿದೆ, ನೋವು ಉಳಿದಿದೆ, ಮತ್ತೆ ಮತ್ತೆ ಆಪರೇಷನ್ ಆಗಿದೆ, ಮಕ್ಕಳಾಗುವ ಶಕ್ತಿ ಹೋಗಿದೆ. ಕೆಲವರಿಗೆ ಡಾಕ್ಟರು ಆರಿಸಿದ ಲಿಂಗವೇ ತಮ್ಮದಲ್ಲ ಅನ್ನಿಸಿದೆ. ತೆಗೆದ ಅಂಗವನ್ನು ಮತ್ತೆ ಇಡಲು ಬರುವುದಿಲ್ಲ, ನೋಡಿ.

ನೆರೆರಾಜ್ಯದ ಕಾನೂನು ಈ ವಿಷಯದಲ್ಲಿ ದಾರಿ ತೋರಿಸಿದೆ. 2019ರ ಏಪ್ರಿಲ್ 22ರಂದು ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಒಂದು ವಿವಾಹ ನೋಂದಣಿಯ ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತಾ, ತಂದೆ ತಾಯಿಯ ಒಪ್ಪಿಗೆಯನ್ನು ಮಗುವಿನ ಒಪ್ಪಿಗೆ ಎಂದು ತಿಳಿಯಬಾರದು ಅಂದರು. ಅದೇ ವರ್ಷ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ, ಪ್ರಾಣಾಪಾಯದ ಸಂದರ್ಭ ಬಿಟ್ಟು, ಅಂತರಲಿಂಗಿ ಶಿಶುಗಳ ಲಿಂಗ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು. ಆ ಆದೇಶ ಆ ರಾಜ್ಯಕ್ಕೆ ಮಾತ್ರ. ಗಡಿ ದಾಟಿ ನಮಗೆ ತಾನಾಗಿ ಅನ್ವಯಿಸುವುದಿಲ್ಲ. ಇಡೀ ದೇಶಕ್ಕೆ ನಿಯಮ ಬೇಕೆಂಬ ಅರ್ಜಿಯ ಮೇಲೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರಕ್ಕೆ ನೋಟಿಸು ಕೊಟ್ಟಿತು. ಇಂಥ ನಿಷೇಧವನ್ನು ಮೊದಲು ಕಾನೂನು ಮಾಡಿದ ದೇಶ ಮಾಲ್ಟಾ, 2015ರಲ್ಲಿ. ಅದು ಕಥೋಲಿಕರೇ ಹೆಚ್ಚಾಗಿರುವ ದೇಶ.

"ಧರ್ಮಸಭೆ ಏನು ಹೇಳುತ್ತೆ ಸಿಸ್ಟರ್?" ಅಂತ ನೀವು ಕೇಳಬಹುದು. ಲಿಂಗ ಸ್ಪಷ್ಟವಿಲ್ಲದ ಸಂದರ್ಭದಲ್ಲಿ ಚಿಕಿತ್ಸೆ ವೈದ್ಯರಿಗೆ ಸೇರಿದ್ದು, ತಂದೆ ತಾಯಿಯಾಗಲಿ ಸಮಾಜವಾಗಲಿ ಮನಸ್ಸಿಗೆ ಬಂದಂತೆ ತೀರ್ಮಾನಿಸುವಂತಿಲ್ಲ ಎಂದು ವ್ಯಾಟಿಕನ್ನಿನ ಶಿಕ್ಷಣ ವಿಭಾಗ 2019ರಲ್ಲಿ ಬರೆಯಿತು. ಲಿಂಗ ಬದಲಾವಣೆಯನ್ನು ಒಪ್ಪದ 2024ರ 'ದಿಗ್ನಿತಾಸ್ ಇನ್ಫಿನಿತಾ' ಪತ್ರವೂ ಇಂಥವರನ್ನು ಪ್ರತ್ಯೇಕವಾಗಿ ನೋಡಿ, ಅವರು ವೈದ್ಯರ ನೆರವನ್ನು ಆರಿಸಿಕೊಳ್ಳಬಹುದು ಎನ್ನುತ್ತದೆ. ಆರಿಸಿಕೊಳ್ಳಲು ತಿಳುವಳಿಕೆಯ ವಯಸ್ಸು ಬೇಕಲ್ಲವೇ? ತೊಟ್ಟಿಲ ಕೂಸು ಆರಿಸಿಕೊಳ್ಳಲಾರದು. ಅದಕ್ಕೇ ಕಾಯಬೇಕು ಅನ್ನುವುದು ನನ್ನ ಅಭಿಪ್ರಾಯ.

ತಾಯಂದಿರ ಭಯ ಸುಳ್ಳಲ್ಲ. "ಮಗುವಿಗೆ ಸ್ನಾನ ಮಾಡಿಸೋರು ನೋಡಿ ಊರಿಗೆಲ್ಲ ಹೇಳಿದರೆ? ನಾಳೆ ಮದುವೆ?" ಅಂತ ಅಳುತ್ತಾರೆ. ಆ ಭಯಕ್ಕೆ ಮದ್ದು ನಾವು. ನೀವು ಮಾಡಬೇಕಾದದ್ದು ಇಷ್ಟು:

1. ಜನನಾಂಗದಲ್ಲಿ ವ್ಯತ್ಯಾಸ ಕಂಡರೆ ಅದೇ ದಿನ ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಿ. ಹಿಂದೆ ಹಸುಗೂಸು ಕಾರಣ ತಿಳಿಯದೆ ತೀರಿಹೋಗಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ.

2. ಆಪರೇಷನ್ ಕಾಗದಕ್ಕೆ ಸಹಿ ಕೇಳಿದರೆ ತಾಯಿಯ ಜೊತೆ ನಿಂತು ಮೂರು ಪ್ರಶ್ನೆ ಕೇಳಿ: ಈಗ ಮಾಡದಿದ್ದರೆ ಜೀವಕ್ಕೆ ಅಪಾಯವೇ? ಮಗು ದೊಡ್ಡದಾದ ಮೇಲೆ ಮಾಡಬಹುದೇ? ಮಾಡಿದರೆ ಏನು ಕಳೆದುಕೊಳ್ಳುತ್ತದೆ?

3. ಪರೀಕ್ಷೆಗಳಾದ ಮೇಲೆ ವೈದ್ಯರ ಸಲಹೆಯಂತೆ ಹುಡುಗ ಅಥವಾ ಹುಡುಗಿಯಾಗಿ ಬೆಳೆಸಬಹುದು. ಅದಕ್ಕೆ ಆಪರೇಷನ್ ಆಗಲೇಬೇಕೆಂದಿಲ್ಲ.

4. ಮನೆಯ ಗುಟ್ಟು ಸಂಘದ ಸಭೆಗೆ ಬರಕೂಡದು. ಆದರೆ ಮಗುವಿನಿಂದ ಸತ್ಯ ಮುಚ್ಚಿಡಬಾರದು. ವಯಸ್ಸಿಗೆ ತಕ್ಕಂತೆ ಹೇಳಬೇಕು.

5. ಜ್ಞಾನಸ್ನಾನಕ್ಕೆ ಈ ತೀರ್ಮಾನವಾಗುವವರೆಗೆ ಕಾಯಬೇಕಾಗಿಲ್ಲ.

ಜನ್ಮತಃ ಬೇರೆಯಾಗಿರುವವರ ಪ್ರಸ್ತಾಪವನ್ನು ಯೇಸುಸ್ವಾಮಿಯೇ ಮಾಡಿದ್ದಾರೆ. ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿ. ಅವರನ್ನು ಸರಿಪಡಿಸಿರಿ ಎಂದು ಅಲ್ಲೆಲ್ಲೂ ಹೇಳಿಲ್ಲ. ದೇವರು ಕೊಟ್ಟ ಮಗುವನ್ನು ಮೊದಲು ಎತ್ತಿಕೊಳ್ಳೋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.